ಆಟಕ್ಕೆ ಬೇಕಾದವರು, ಟಿಕೆಟ್ಟಿಗೆ ಬೇಕಾದವರು

1951ರ ಆಗಸ್ಟ್ 19ರ ಭಾನುವಾರ ಅಮೆರಿಕದ ಸೇಂಟ್ ಲೂಯಿಸ್ ಬ್ರೌನ್ಸ್ ಬೇಸ್‌ಬಾಲ್ ತಂಡದ ಪರ ಎಡ್ಡಿ ಗೇಡೆಲ್ ಬ್ಯಾಟ್ ಹಿಡಿದು ನಿಂತರು. ಎತ್ತರ 3 ಅಡಿ 7 ಇಂಚು. ಅಂಗಿಯ ಬೆನ್ನ ಮೇಲಿದ್ದ ಸಂಖ್ಯೆ 1/8. ಅಂಪೈರ್ ಆಕ್ಷೇಪಿಸಿದಾಗ ವ್ಯವಸ್ಥಾಪಕರು ಸಹಿ ಹಾಕಿದ ಒಪ್ಪಂದವನ್ನೇ ಜೇಬಿನಿಂದ ತೆಗೆದು ತೋರಿಸಿದರು.

ಬೇಸ್‌ಬಾಲಿನಲ್ಲಿ ಪಿಚರ್ ಎಸೆಯುವ ಚೆಂಡು ಬ್ಯಾಟರ್‌ನ ಕಂಕುಳು ಮತ್ತು ಮೊಣಕಾಲಿನ ನಡುವೆ ಹಾಯಬೇಕೆಂಬುದು ಆಗಿನ ನಿಯಮ. ನಾಲ್ಕು ಸಲ ಗುರಿ ತಪ್ಪಿದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ, ಅಂದರೆ ಓಟದ ಮೊದಲ ನಿಲುಗಡೆಗೆ, ನಡೆಯಬಹುದು. ಗೇಡೆಲ್ ಬಾಗಿ ನಿಂತಾಗ ಉಳಿದ ಜಾಗ ಒಂದೆರಡು ಇಂಚಿನಷ್ಟೇ. ಡೆಟ್ರಾಯ್ಟ್ ತಂಡದ ಬಾಬ್ ಕೇನ್ ಎಸೆದ ನಾಲ್ಕೂ ಚೆಂಡುಗಳು ತಲೆಯ ಮೇಲೆ ಹಾದುಹೋದವು. ಬ್ಯಾಟ್ ಬೀಸಬಾರದೆಂದು ಗೇಡೆಲ್ ಅವರಿಗೆ ಕಟ್ಟಪ್ಪಣೆಯಾಗಿತ್ತು. ಅವರು ಮೊದಲ ಬೇಸ್‌ಗೆ ಹೋದರು, ಬದಲಿ ಓಟಗಾರ ಬಂದರು, ಅಲ್ಲಿಗೆ ಅವರ ವೃತ್ತಿಜೀವನ ಮುಗಿಯಿತು. ಮರುದಿನವೇ ಅಮೆರಿಕನ್ ಲೀಗ್ ಒಪ್ಪಂದವನ್ನು ರದ್ದುಪಡಿಸಿತು.

ಈ ಪ್ರಸಂಗವನ್ನು ತಮಾಷೆಯಾಗಿಯೇ ಹೇಳುವ ರೂಢಿಯಿದೆ. ನನಗೆ ಅದರ ಹಿಂದಿನ ಹಣಕಾಸು ಮುಖ್ಯವಾಗಿ ಕಾಣುತ್ತದೆ. ಒಂದೇ ಊರಿನಲ್ಲಿ ಎರಡು ತಂಡಗಳಿದ್ದು, ಜನರೆಲ್ಲ ಕಾರ್ಡಿನಲ್ಸ್ ಕಡೆಗಿದ್ದರು. 1935ರ ಇಡೀ ಋತುವಿನಲ್ಲಿ ಬ್ರೌನ್ಸ್ ಆಟಕ್ಕೆ ಬಂದವರು 80,922 ಮಂದಿ ಮಾತ್ರ. 1951ರಲ್ಲಿ ತಂಡವನ್ನು ಕೊಂಡ ಬಿಲ್ ವೀಕ್ ಅವರಿಗೆ ಗ್ಯಾಲರಿ ತುಂಬಿಸಲು ಏನಾದರೊಂದು ಬೇಕಿತ್ತು. ವಿಶ್ವಯುದ್ಧದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡಿದ್ದ ವೀಕ್ ಅವರೇ, ಇನ್ನೊಬ್ಬರ ದೇಹವನ್ನು ಪ್ರದರ್ಶನಕ್ಕಿಟ್ಟರು ಎಂಬುದು ನನ್ನನ್ನು ಕಾಡುತ್ತದೆ.

ಆರು ವರ್ಷ ಹಿಂದೆ ಇದೇ ತಂಡದಲ್ಲಿ ಪೀಟ್ ಗ್ರೇ ಆಡಿದ್ದರು. ಪೆನ್ಸಿಲ್ವೇನಿಯಾದ ಈ ಬಾಲಕ ಗಾಡಿಯ ಚಕ್ರಕ್ಕೆ ಸಿಕ್ಕು ಬಲಗೈ ಕಳೆದುಕೊಂಡಿದ್ದ. ಮುಂದೆ ಎಡಗೈಯೊಂದರಲ್ಲೇ ಬ್ಯಾಟ್ ಬೀಸುವುದನ್ನು, ಚೆಂಡು ಹಿಡಿದೊಡನೆ ಗ್ಲೌಸನ್ನು ಬಲ ಕಂಕುಳಿಗೆ ಸಿಕ್ಕಿಸಿ ಅದೇ ಕೈಯಿಂದ ಎಸೆಯುವುದನ್ನು ಅವರು ಕರಗತ ಮಾಡಿಕೊಂಡರು. 1944ರಲ್ಲಿ ಮೆಂಫಿಸ್ ತಂಡಕ್ಕಾಗಿ .333 ಸರಾಸರಿಯಲ್ಲಿ (ಮೂರು ಯತ್ನಕ್ಕೊಂದು ಹಿಟ್, ಅಂದರೆ ಬೇಸ್ ತಲುಪಿಸುವ ಹೊಡೆತ) ಆಡಿ, 68 ಬೇಸ್‌ಗಳನ್ನು ಕದ್ದು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ), ಆ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು. ಎರಡೂ ಕೈಗಳಿದ್ದ ಎಷ್ಟೋ ಮಂದಿಗೆ ನಿಲುಕದ ಸಾಧನೆಯದು. ಆಟಗಾರರು ಸೈನ್ಯ ಸೇರಿದ್ದ ಕಾಲ. ಬ್ರೌನ್ಸ್ ಅವರನ್ನು ಕರೆಸಿಕೊಂಡಿತು. 1945ರಲ್ಲಿ ಅವರು 77 ಪಂದ್ಯ ಆಡಿದರು, ಸರಾಸರಿ .218. ಒಮ್ಮೆ ಬೀಸತೊಡಗಿದ ಬ್ಯಾಟನ್ನು ಒಂಟಿ ಕೈಯಲ್ಲಿ ತಡೆಯುವುದು ಕಷ್ಟವೆಂದು ಅರಿತ ಪಿಚರ್‌ಗಳು ತಿರುಗುವ ಚೆಂಡುಗಳನ್ನೇ ಎಸೆದರು. ಕೆಲವು ಸಹ ಆಟಗಾರರು ಅವರನ್ನು ಟಿಕೆಟ್ ಮಾರುವ ಆಕರ್ಷಣೆಯೆಂದೇ ದೂರಿದರು. ಯುದ್ಧ ಮುಗಿಯಿತು, ಸೈನಿಕರು ಮರಳಿದರು, ಗ್ರೇ ಕೆಳ ಲೀಗಿಗೆ ಹೋದರು.

ಇದಕ್ಕೂ ಮೊದಲಿನ ವಿಲಿಯಂ ಹಾಯ್ ಅವರ ದಾರಿಯೇ ಬೇರೆ. ಒಹಾಯೊದಲ್ಲಿ 1862ರಲ್ಲಿ ಹುಟ್ಟಿ, ಮೂರನೆಯ ವಯಸ್ಸಿಗೆ ಮೆದುಳು ಜ್ವರದಿಂದ ಕಿವುಡರಾದ ಅವರು 1888ರಿಂದ 1902ರವರೆಗೆ ಪ್ರಮುಖ ಲೀಗುಗಳಲ್ಲಿ ಆಡಿ 2,000ಕ್ಕೂ ಹೆಚ್ಚು ಹಿಟ್ ಗಳಿಸಿದರು. 1889ರ ಒಂದು ಪಂದ್ಯದಲ್ಲಿ ಮೈದಾನದ ದೂರದ ಅಂಚಿನ ಭಾಗದಿಂದ ಚೆಂಡೆಸೆದು ಮೂವರು ಓಟಗಾರರನ್ನು ಹೋಮ್ ಪ್ಲೇಟಿನಲ್ಲಿ, ಅಂದರೆ ಓಟ ಮುಗಿಯುವ ಜಾಗದಲ್ಲಿ, ಔಟ್ ಮಾಡಿಸಿದರು. ಅಂಪೈರ್‌ಗಳ ಕೈಸನ್ನೆ ಹುಟ್ಟಿದ್ದೇ ಅವರಿಂದ ಎಂಬ ಜನಪ್ರಿಯ ಮಾತನ್ನು ಸಂಶೋಧಕರು ಪೂರ್ತಿ ಒಪ್ಪುವುದಿಲ್ಲ. ಆದರೆ ಆ ಕತೆಯ ನೆರವಿಲ್ಲದೆಯೂ ಹಾಯ್ ದೊಡ್ಡ ಆಟಗಾರರೇ. ಅವರನ್ನು ಯಾರೂ ಪ್ರದರ್ಶನಕ್ಕೆ ತಂದು ನಿಲ್ಲಿಸಲಿಲ್ಲ. ಹದಿನಾಲ್ಕು ಋತುಗಳ ಕಾಲ ತಂಡಗಳಿಗೆ ಬೇಕಾಗಿದ್ದುದು ಅವರ ಓಟ ಮತ್ತು ತೋಳು.

1961ರಲ್ಲಿ ಗೇಡೆಲ್ ಮತ್ತು ಹಾಯ್ ಇಬ್ಬರ ಬದುಕೂ ಕೊನೆಗೊಂಡವು. ಜೂನ್‌ನಲ್ಲಿ, ಷಿಕಾಗೋದಲ್ಲಿ ಹಲ್ಲೆಗೊಳಗಾದ ಬಳಿಕ, 36ರ ಗೇಡೆಲ್ ತೀರಿಕೊಂಡರು. ಬೇಸ್‌ಬಾಲ್ ಲೋಕದಿಂದ ಅಂತ್ಯಕ್ರಿಯೆಗೆ ಬಂದವರು ಬಾಬ್ ಕೇನ್ ಒಬ್ಬರೇ. ಅಕ್ಟೋಬರ್‌ನಲ್ಲಿ, 99ರ ಹಾಯ್ ಸಿನ್ಸಿನಾಟಿಯಲ್ಲಿ ವರ್ಲ್ಡ್ ಸೀರೀಸ್ ಎಂಬ ವರ್ಷದ ಅಂತಿಮ ಪ್ರಶಸ್ತಿ ಸರಣಿಯ ಪಂದ್ಯಕ್ಕೆ ಮೊದಲ ಚೆಂಡೆಸೆದು ಚಾಲನೆ ನೀಡಿದರು; ಡಿಸೆಂಬರ್‌ನಲ್ಲಿ ನಿಧನರಾದರು.

ಬಲ ಹಸ್ತವಿಲ್ಲದೆ ಹುಟ್ಟಿದ ಜಿಮ್ ಅಬಟ್ 1989ರಲ್ಲಿ ಪಿಚರ್ ಆಗಿ ಬಂದಾಗ, ಅದನ್ನು ಹೆಕ್ಕಿ ಎಸೆಯಬಲ್ಲರೇ ನೋಡೋಣವೆಂದು ಎದುರಾಳಿಗಳು ಅವರ ಮುಂದೆಯೇ ಚೆಂಡನ್ನು ಮೆಲ್ಲಗೆ ತಟ್ಟಿ ಪರೀಕ್ಷಿಸಿದರು. ಅದು ಸಮಾನನೊಬ್ಬನಿಗೆ ಒಡ್ಡುವ ಪರೀಕ್ಷೆ. 1993ರ ಸೆಪ್ಟೆಂಬರ್ 4ರಂದು ಯಾಂಕೀಸ್ ಪರ ಅಬಟ್ ಕ್ಲೀವ್‌ಲ್ಯಾಂಡ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದೇ ಒಂದು ಹಿಟ್ಟನ್ನೂ ಬಿಟ್ಟುಕೊಡಲಿಲ್ಲ.