ಗಣಹೋಮದ ದಿನವೇ ಹ್ಯಾಂಡೋವರ್ ದಿನ ಅಲ್ಲ

ಹೊಸ ಆಫೀಸಿನಲ್ಲಿ ಗಣಹೋಮ ಆಯಿತು. ಪೇಢೆ ಹಂಚಿದ್ದಾಯಿತು. ಸಿಬ್ಬಂದಿ ಬಂದು ಕುರ್ಚಿಗಳಲ್ಲಿ ಕೂತರು. ಕೆಲಸ ಮುಗಿಯಿತು ಅಂತ ಎಲ್ಲರಿಗೂ ಖುಷಿ. ನಾನೊಬ್ಬ ಮಾತ್ರ ಮೂಲೆಯಲ್ಲಿ ಹ್ಯಾಂಡೋವರ್ ಹಾಳೆ, ಅಂದರೆ ಜಾಗ ವಹಿಸಿಕೊಂಡ ಪತ್ರ, ಹಿಡಿದು ನಿಂತಿರುತ್ತೇನೆ. ಅದಕ್ಕೆ ಯಜಮಾನರ ಸಹಿ ಬೇಕು. ಪೇಢೆ ಸಿಗುತ್ತದೆ, ಸಹಿ ಸಿಗುವುದಿಲ್ಲ.

ಮುಂಬಯಿಯಲ್ಲಿ ಆಫೀಸು, ಹೋಟೆಲುಗಳ ಇಂಟೀರಿಯರ್ ಕೆಲಸದ ಉಸ್ತುವಾರಿ ನೋಡಿಕೊಳ್ಳುತ್ತಾ 22 ವರ್ಷ ಆಯಿತು. ಈ ಒಂದು ಜಗಳ ಮಾತ್ರ ಮುಗಿದಿಲ್ಲ. ಅಂಧೇರಿಯ ಒಬ್ಬ ಯಜಮಾನರು, ಕುಂದಾಪುರದ ಕಡೆಯವರು, ನೇರವಾಗಿ ಕೇಳಿದ್ದರು: "ಸಹಿ ಹಾಕಿದ್ರೆ ಆ ಕಂಟ್ರಾಕ್ಟರ್ ಮತ್ತೆ ಈ ಕಡೆ ತಲೆ ಹಾಕ್ತಾನಾ ಮಾರಾಯ್ರೆ?"

ಆ ಹಾಳೆಯಲ್ಲಿ 'ಎಲ್ಲ ಚೆನ್ನಾಗಿದೆ' ಅಂತ ಎಲ್ಲೂ ಬರೆದಿಲ್ಲ. ಇಂಥ ತಾರೀಖಿನಿಂದ ಜಾಗ ನಮ್ಮ ಬಳಕೆಗೆ ಬಂತು, ಬಾಕಿ ಕೆಲಸಗಳ ಪಟ್ಟಿ ಜೊತೆಗಿದೆ, ಅಷ್ಟೇ. ಬಾಗಿಲು ಉಜ್ಜುತ್ತಿದೆಯಾ, ಬರೆಯಿರಿ. ಲ್ಯಾಮಿನೇಟ್ ಎದ್ದಿದೆಯಾ, ಬರೆಯಿರಿ. ನಲವತ್ತು ಸಾಲು ಬರೆದು ಕೆಳಗೆ ಸಹಿ ಹಾಕಿ. ಸಹಿಯಿಂದ ತಪ್ಪು ಮಾಫಿ ಆಗುವುದಿಲ್ಲ, ದಿನ ಎಣಿಸಲು ಶುರುವಾಗುತ್ತದೆ.

ಯಾವ ದಿನ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿಗೆ ಬರುವಾಗ ಎಲ್ಲರ ಗಮನ ಫೋನಿನ ಮೇಲೆ ಹೋಗುತ್ತದೆ. ಸಾಮಾನ್ಯವಾಗಿ ಕಂಟ್ರಾಕ್ಟರ್ ಬಿಲ್ಲಿನಲ್ಲಿ 5% ಹಿಡಿದಿಡುತ್ತೇವೆ. ಅರ್ಧ ಹ್ಯಾಂಡೋವರ್‌ಗೆ ಕೊಡುತ್ತೇವೆ, ಉಳಿದರ್ಧ 12 ತಿಂಗಳ ದೋಷ ದುರಸ್ತಿ ಅವಧಿ, ಅಂದರೆ ದೋಷ ಕಂಡರೆ ಕಂಟ್ರಾಕ್ಟರೇ ಸರಿಮಾಡಬೇಕಾದ ಅವಧಿ, ಕಳೆದ ಮೇಲೆ. ನಿಮ್ಮ ಕರಾರು ಬೇರೆ ಇರಬಹುದು, ಓದಿ ನೋಡಿ. ಆದರೆ ಆ 12 ತಿಂಗಳು ಯಾವ ದಿನದಿಂದ? ಕಂಟ್ರಾಕ್ಟರ್ ಪೂಜೆಯ ದಿನದಿಂದ ಅನ್ನುತ್ತಾನೆ, ವಾಟ್ಸಾಪಿನಲ್ಲಿ ಫೋಟೋ ಇದೆ. ನೀವು ಕೊನೆಯ ನಲ್ಲಿ ಸರಿಹೋದ ದಿನದಿಂದ ಅನ್ನುತ್ತೀರಿ. ಸರಿ, ಹೊಡೆದಾಡಿ.

ಮುಂಬಯಿಯಲ್ಲಿ ಈ ಅವಧಿಯೊಳಗೆ ಒಂದು ಪೂರ್ತಿ ಮಳೆಗಾಲ ಬರಲೇಬೇಕು. ಹಣ ಉಳಿಸಲು ಆರೇ ತಿಂಗಳಿಗೆ ಒಪ್ಪಿದವರನ್ನು ನೋಡಿದ್ದೇನೆ. ನವೆಂಬರಿನಿಂದ ಎಣಿಸಿದರೆ ಮೇ ತಿಂಗಳಿಗೇ ಮುಗಿಯಿತು. ಕಿಟಕಿಯ ಸಂದಿನಿಂದ ನೀರು ಬರುವುದು ಜೂನಿನಲ್ಲಿ, ಅಲ್ವಾ?

ಸುಮ್ನೆ ಇದ್ದರೆ ಸೇಫ್ ಅಂದುಕೊಳ್ಳಬೇಡಿ. ಸಣ್ಣ ಉದ್ದಿಮೆಯವರಿಂದ ಸಾಮಾನು ಕೊಂಡು 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಹೇಳದಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆ ನೀವು ಒಪ್ಪಿಕೊಂಡಿರಿ ಅಂತಲೇ ತಿಳಿಯುತ್ತದೆ. ದುಡ್ಡು ಕೊಡಲು ಹೆಚ್ಚೆಂದರೆ 45 ದಿನ. ಕಾಮಗಾರಿ ಗುತ್ತಿಗೆಗೂ ಇದು ಅನ್ವಯವೇ ಅನ್ನುವುದು ಕೋರ್ಟುಗಳಲ್ಲಿ ವಾದಕ್ಕೆ ಬಂದ ವಿಷಯ. ಅದನ್ನು ವಕೀಲರನ್ನೇ ಕೇಳಿ.

ಅಂಧೇರಿಯವರ ಕತೆ ಹೇಳಿಬಿಡುತ್ತೇನೆ. ಸಿವಿಲ್ ಕೆಲಸ ತಡವಾಗಿ ಎಸಿ ಮೆಷಿನ್ ಜನವರಿಯಲ್ಲೇ ಬಂದು ಕೂತಿತ್ತು. ಚಾಲೂ ಆದದ್ದು ಜುಲೈಯಲ್ಲಿ. ಚಾಲೂ ಮಾಡಿದ ವರದಿಗೂ ಇವರು ಸಹಿ ಹಾಕಲಿಲ್ಲ, ಅದೇ ಹೆದರಿಕೆ. ಮುಂದಿನ ಮೇ ತಿಂಗಳ ಸೆಕೆಯಲ್ಲಿ ಕಂಪ್ರೆಸರ್ ಹೋಯಿತು. ವರದಿ ಇಲ್ಲದ್ದಕ್ಕೆ ಕಂಪನಿಯವರು ಒಂದು ವರ್ಷದ ವಾರಂಟಿಯನ್ನು ಬಿಲ್ಲಿನ ತಾರೀಖಿನಿಂದ ಎಣಿಸಿದರು. ಜನವರಿಗೇ ಮುಗಿದಿತ್ತು. ಯಜಮಾನರು ಕೈಯಿಂದ ದುಡ್ಡು ಹಾಕಿದರು. ನನ್ನನ್ನು ಬೈಯಲಿಲ್ಲ ಪಾಪ, ಊಟ ಹಾಕಿಸಿದರು.

ಈ ವರ್ಷ ಥಾಣೆಯಲ್ಲಿ ಅವರ ಎರಡನೇ ಆಫೀಸು. ಈ ಸಲ ಬಾಕಿ ಪಟ್ಟಿಯನ್ನು ಅವರೇ ಕೈಬರಹದಲ್ಲಿ ಮಾಡಿದ್ದರು, 63 ಸಾಲು. 'ಸ್ಮೋಕ್ ಡಿಟೆಕ್ಟರ್ ಕೆಲಸ ಮಾಡುತ್ತಿಲ್ಲ, ಏಳೂ' ಅಂತ ಮೊದಲ ಸಾಲು. ಫೈರ್ ಏಜೆನ್ಸಿಯಿಂದ ಫಾರ್ಮ್ 'ಎ', ಅಂದರೆ ಬೆಂಕಿ ಸುರಕ್ಷತೆಯ ಸಾಧನಗಳನ್ನು ಸರಿಯಾಗಿ ಕೂರಿಸಿದೆ ಅನ್ನುವ ಪ್ರಮಾಣಪತ್ರ, ಬರುವುದು ಬಾಕಿ ಇತ್ತು, ಹಾಗಾಗಿ ಗಾಬರಿಯಿಂದ ಓಡಿದೆ. ಏಣಿ ಹತ್ತಿ ನೋಡಿದರೆ ಏಳಕ್ಕೂ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಗಣಹೋಮದ ಹೊಗೆಗೆ ಅಲಾರಂ ಹೊಡೆಯಬಾರದು ಅಂತ ಭಟ್ಟರು ಕಟ್ಟಿಸಿದ್ದರಂತೆ. ಆ ಸಾಲನ್ನು ಕಂಟ್ರಾಕ್ಟರ್ ಹೆಸರಿನಿಂದ ಹೊಡೆದುಹಾಕಿ, ಉಳಿದ 62ರ ಕೆಳಗೆ ತಾರೀಖು ಹಾಕಿಸಿಕೊಂಡೆ.