ವೆರಿಕೋಸಿಲ್ ಇದ್ದವರಿಗೆಲ್ಲ ಆಪರೇಷನ್ ಬೇಕಿಲ್ಲ

"ಡಾಕ್ಟ್ರೇ, ಸ್ಕ್ಯಾನಿಂಗ್‌ನಲ್ಲಿ ವೆರಿಕೋಸಿಲ್ ಅಂತ ಬಂದಿದೆ. ಆಪರೇಷನ್ ಯಾವಾಗ?" ರಿಪೋರ್ಟ್ ಹಿಡಿದು ಹೀಗೆ ಕೇಳುವ ಹುಡುಗರ ಮುಖದಲ್ಲಿ ಭಯ ಎದ್ದು ಕಾಣುತ್ತದೆ. ವೆರಿಕೋಸಿಲ್ ಅಂದರೆ ವೃಷಣದ ಮೇಲಿನ ರಕ್ತನಾಳಗಳು ಊದಿಕೊಳ್ಳುವುದು. ನಾನು ರಿಪೋರ್ಟ್ ಪಕ್ಕಕ್ಕಿಟ್ಟು, ಮೊದಲು ಅವರನ್ನು ನಿಲ್ಲಿಸಿ ಕೈಯಿಂದ ಪರೀಕ್ಷೆ ಮಾಡುತ್ತೇನೆ. ಮಲಗಿದರೆ ರಕ್ತ ಇಳಿದು ಊತ ಕಾಣದೇ ಹೋಗಬಹುದು. ನಿಂತು, ಉಸಿರು ಬಿಗಿಹಿಡಿದು ತಿಣುಕಿದಾಗ ವೃಷಣದ ಮೇಲಿನ ರಕ್ತನಾಳಗಳು ತುಂಬಿಕೊಳ್ಳುತ್ತವೆ. ದೊಡ್ಡದಿದ್ದರೆ ಬೆರಳಿಗೆ ಎರೆಹುಳುಗಳ ಗಂಟಿನ ಹಾಗೆ ಸಿಗುತ್ತದೆ.

ಇದು ಹೆಚ್ಚಾಗಿ ಎಡಗಡೆಯೇ ಬರುತ್ತದೆ. ಎಡ ವೃಷಣದ ರಕ್ತನಾಳ ಉದ್ದ. ಅದು ಮೇಲೆ ಹೋಗಿ ಎಡ ಮೂತ್ರಪಿಂಡದ ರಕ್ತನಾಳಕ್ಕೆ ಲಂಬಕೋನದಲ್ಲಿ ಸೇರುತ್ತದೆ. ಒಳಗಿನ ಕವಾಟಗಳು ಸೋತರೆ ರಕ್ತ ಕೆಳಗೆ ವಾಪಸ್ ಬಂದು ನಿಲ್ಲುತ್ತದೆ. ವೃಷಣ ಮೈಗಿಂತ 2-3 ಡಿಗ್ರಿ ತಣ್ಣಗಿದ್ದರೇನೇ ವೀರ್ಯಾಣು ಸರಿಯಾಗಿ ತಯಾರಾಗುವುದು. ನಿಂತ ರಕ್ತದಿಂದ ಆ ಜಾಗ ಬಿಸಿಯಾಗುತ್ತದೆ.

ಆದರೂ ಗಾಬರಿ ಬೇಡ. ನೂರು ಗಂಡಸರಲ್ಲಿ ಸುಮಾರು 15 ಜನಕ್ಕೆ ಇದು ಇರುತ್ತದೆ, ಬಹಳಷ್ಟು ಜನಕ್ಕೆ ಮಕ್ಕಳೂ ಆಗಿರುತ್ತವೆ. ಸ್ಕ್ಯಾನ್‌ಗೆ ಮಾತ್ರ ಕಂಡು ಕೈಗೆ ಸಿಗದಿದ್ದರೆ ಆಪರೇಷನ್‌ನಿಂದ ಲಾಭವಿಲ್ಲ. ಕೈಗೆ ಸಿಗುತ್ತಿದ್ದು, ಮಗುವಿಗೆ ಪ್ರಯತ್ನಿಸುತ್ತಿರುವಾಗ ವೀರ್ಯ ಪರೀಕ್ಷೆಯಲ್ಲೂ ದೋಷವಿದ್ದರೆ ಯೋಚಿಸಬೇಕು. ಬಿಡದೆ ಕಾಡುವ ನೋವಿದ್ದರೆ, ಹದಿಹರೆಯದ ಹುಡುಗನಿಗೆ ಆ ಕಡೆಯ ವೃಷಣ ಬೆಳೆಯದೆ ಹಿಂದುಳಿದಿದ್ದರೆ, ಆಗಲೂ ಅಷ್ಟೇ. ಮೈಕ್ರೋಸ್ಕೋಪ್ ಇಟ್ಟು ಮಾಡುವ ಆಪರೇಷನ್‌ನಲ್ಲಿ ಸಮಸ್ಯೆ ಮತ್ತೆ ಬರುವುದು ಕಡಿಮೆ.

ಬಲಗಡೆ ಮಾತ್ರ ಹೊಸದಾಗಿ ಊದಿದ್ದರೆ, ಇಲ್ಲವೇ ಮಲಗಿದರೂ ಊತ ಇಳಿಯದಿದ್ದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸಲೇಬೇಕು. ಒಳಗೆ ಗಡ್ಡೆ ಒತ್ತುತ್ತಿರಬಹುದು. ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ಅದು ವೃಷಣ ತಿರುಚಿಕೊಂಡದ್ದಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಆರು ಗಂಟೆಯೊಳಗೆ ಚಿಕಿತ್ಸೆ ಆಗಬೇಕು.

ನನಗೆ ನಿಜಕ್ಕೂ ಸಂಕಟವಾಗುವುದು ಬೇರೆ ವಿಷಯಕ್ಕೆ. ಮಗು ಆಗಲಿಲ್ಲ ಅಂತ ಅತ್ತೆ ಸೊಸೆಯನ್ನು ಕರೆದುಕೊಂಡು ಬರುತ್ತಾರೆ, ಮಗ ಹೊರಗೆ ಬೈಕ್ ಹತ್ತಿರ ನಿಂತಿರುತ್ತಾನೆ. ಸೊಸೆಯ ಫೈಲ್ ದಪ್ಪಗಿರುತ್ತದೆ, ಮಗನಿಗೆ ಒಂದು ವೀರ್ಯ ಪರೀಕ್ಷೆಯೂ ಆಗಿರುವುದಿಲ್ಲ. ಇದು ಅನ್ಯಾಯ ಅಲ್ವಾ? ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಆಪರೇಷನ್ ಆದರೂ ಫಲ ಕಾಣಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಹೆಂಡತಿಯ ವಯಸ್ಸೂ ನಿಲ್ಲುವುದಿಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ಬನ್ನಿ.