ಕಿಕ್‌ಸ್ಟಾರ್ಟ್ ಫೈಲಿನಲ್ಲಿ ಪ್ಯಾಕೇಜ್ ಆರಿಸೋದು ಹೇಗೆ?

ಗದಗಿನ ಒಂದು ಡಿಪ್ಲೊಮಾ ಲ್ಯಾಬಿನಲ್ಲಿ ಎಲ್ಲ ಕಂಪ್ಯೂಟರಿಗೂ ರಾಕಿ ಲಿನಕ್ಸ್ 9 ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಬೇಕು ಅಂದುಕೊಳ್ಳಿ. ಒಂದೊಂದರ ಮುಂದೂ ಕೂತು ಕ್ಲಿಕ್ ಮಾಡುವ ಬದಲು ಕಿಕ್‌ಸ್ಟಾರ್ಟ್ ಫೈಲ್ (ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಫೈಲ್) ಬರೆದುಕೊಟ್ಟರೆ ರಾಕಿಯ ಅನಕಾಂಡಾ ಇನ್‌ಸ್ಟಾಲರ್ ತಾನೇ ಎಲ್ಲ ಮುಗಿಸುತ್ತದೆ. ಆ ಫೈಲಿನಲ್ಲಿ ನಿಜಕ್ಕೂ ತಲೆ ಓಡಿಸಬೇಕಾದ ಜಾಗ %ಪ್ಯಾಕೇಜಸ್ ಮತ್ತು %ಎಂಡ್ ನಡುವಿನದು. ಯಾವ ಪ್ಯಾಕೇಜ್, ಅಂದರೆ ಯಾವ ಸಾಫ್ಟ್‌ವೇರ್ ಕಟ್ಟು, ಬೇಕು ಅಂತ ಬರೆಯುವುದು ಅಲ್ಲೇ.

ಒಂದು ಸಾಲಿಗೆ ಒಂದು ಹೆಸರು. ಹೆಸರಿನ ಮುಂದೆ @^ ಇದ್ದರೆ ಅದು ಎನ್ವಿರಾನ್‌ಮೆಂಟ್, (ಹಲವು ಗ್ರೂಪ್ ಸೇರಿದ ಪೂರ್ತಿ ಸೆಟ್), ಬರೀ @ ಇದ್ದರೆ ಗ್ರೂಪ್ (ಒಂದು ಕೆಲಸಕ್ಕೆ ಬೇಕಾದ ಪ್ಯಾಕೇಜುಗಳ ಗುಂಪು), ಏನೂ ಇಲ್ಲದಿದ್ದರೆ ಬಿಡಿ ಪ್ಯಾಕೇಜ್, ಮೈನಸ್ ಇದ್ದರೆ 'ಇದು ಬೇಡ' ಅಂತ. ಸಿಸ್ಟಮ್ ನಡೆಯಲು ಬೇಕಾದ ಮೂಲ ಪ್ಯಾಕೇಜುಗಳಿರುವ ಕೋರ್ ಗ್ರೂಪನ್ನು ನೀವು ಬರೆಯದಿದ್ದರೂ ಅದು ಬಂದೇ ಬರುತ್ತದೆ.

ಎಲ್ಲಾ ಇರಲಿ ಅಂತ ಸುಮ್ನೆ ನಕ್ಷತ್ರ ಚಿಹ್ನೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಡಿಸ್ಕ್ ತುಂಬುತ್ತದೆ, ಅಪ್‌ಡೇಟ್ ಜಾಸ್ತಿ ಆಗುತ್ತದೆ, ಒಂದಕ್ಕೊಂದು ಹೊಂದದ ಪ್ಯಾಕೇಜುಗಳೂ ಒಳಗೆ ಬರಲು ನೋಡುತ್ತವೆ. ಸರ್ವರ್ ಆದರೆ ಮಿನಿಮಲ್ ಎನ್ವಿರಾನ್‌ಮೆಂಟಿನಿಂದ ಶುರು ಮಾಡಿ, ಹುಡುಗರು ಕೂರುವ ಲ್ಯಾಬ್ ಆದರೆ ವರ್ಕ್‌ಸ್ಟೇಷನ್. ಆಮೇಲೆ ಬೇಕಾದದ್ದನ್ನು ಹೆಸರು ಹಿಡಿದು ಸೇರಿಸಿ. ಸಿ ಕಲಿಸೋಕೆ ಜಿಸಿಸಿ (ಕಂಪೈಲರ್), ಜಿಡಿಬಿ (ತಪ್ಪು ಹುಡುಕುವ ಡೀಬಗ್ಗರ್), ಮೇಕ್ (ಪ್ರೋಗ್ರಾಂ ಬಿಲ್ಡ್ ಮಾಡುವ ಸಾಧನ) ಮೂರಿದ್ದರೆ ಸಾಕು, ಡೆವಲಪ್‌ಮೆಂಟ್ ಗ್ರೂಪ್ ಪೂರ್ತಿ ಯಾಕೆ? ಪೈಥಾನ್ 3 ಸೇರಿಸುವುದೇ ಬೇಡ, ಡಿಎನ್‌ಎಫ್ (ಪ್ಯಾಕೇಜ್ ಹಾಕುವ, ತೆಗೆಯುವ ಕಮ್ಯಾಂಡ್) ನಡೆಯುವುದೇ ಅದರ ಮೇಲೆ. ಆದರೆ ಕನ್ನಡಕ್ಕೆ ಲೋಹಿತ್-ಕನ್ನಡ-ಫಾಂಟ್ಸ್, ಟೈಪಿಂಗಿಗೆ ಐಬಸ್-ಎಂ17ಎನ್ ಇವೆರಡನ್ನು ಮರೆಯದೆ ಬರೆಯಿರಿ, ನಮ್ಮ ಕಡೆಯ ಲ್ಯಾಬಿಗೆ ಇವು ಬೇಕೇ ಬೇಕು.

ಗ್ರೂಪ್ ಬರೆದರೂ ಅದರೊಳಗಿನ ಒಂದು ಪ್ಯಾಕೇಜ್ ಬಂದಿಲ್ಲ ಅಂತ ಕೆಲವರು ಗಾಬರಿ ಆಗುತ್ತಾರೆ. ಗ್ರೂಪಿನಲ್ಲಿ ಮ್ಯಾಂಡೇಟರಿ, ಡೀಫಾಲ್ಟ್, ಆಪ್ಷನಲ್ ಅಂತ ಮುಖ್ಯವಾಗಿ ಮೂರು ಬಗೆ. ತಾನಾಗಿ ಬರುವುದು ಮೊದಲೆರಡು ಮಾತ್ರ. ಯಾವುದು ಎಲ್ಲಿದೆ ಅಂತ ಡಿಎನ್‌ಎಫ್ ಗ್ರೂಪ್ ಇನ್ಫೋ ಕೊಟ್ಟರೆ ಕಾಣುತ್ತದೆ.

ಜಾಸ್ತಿ ಜನ ಸಿಕ್ಕಿಬೀಳುವುದು ಇನ್ನೊಂದು ಕಡೆ. ಪಟ್ಟಿಯಲ್ಲಿ ಎಚ್‌ಟಾಪ್ (ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಸಾಧನ) ಅಂತ ಬರೆದಿರುತ್ತಾರೆ, ಅದು ಇರುವುದು ಎಪೆಲ್ ಎಂಬ ಹೆಚ್ಚುವರಿ ಪ್ಯಾಕೇಜುಗಳ ರೆಪೊಸಿಟರಿಯಲ್ಲಿ (ಭಂಡಾರದಲ್ಲಿ), ಇನ್‌ಸ್ಟಾಲೇಷನ್ ಡಿವಿಡಿಯಲ್ಲಿ ಇಲ್ಲ. ಇನ್‌ಸ್ಟಾಲೇಷನ್ ಅಲ್ಲೇ ನಿಲ್ಲುತ್ತದೆ. ಒಂದೋ ರೆಪೊ ಸಾಲಿನಲ್ಲಿ ಎಪೆಲ್ ವಿಳಾಸ ಕೊಡಿ, ಇಲ್ಲವೇ ಆ ಹೆಸರು ತೆಗೆಯಿರಿ. %ಪ್ಯಾಕೇಜಸ್ ಪಕ್ಕ --ಇಗ್ನೋರ್‌ಮಿಸ್ಸಿಂಗ್ ಹಾಕಿದರೆ ಸಿಗದ ಪ್ಯಾಕೇಜ್ ಬಿಟ್ಟು ಮುಂದೆ ಹೋಗುತ್ತದೆ ನಿಜ, ಆದರೆ ಪರೀಕ್ಷೆ ದಿನ ಯಾವುದೋ ಒಂದು ಇಲ್ಲ ಅಂತ ಗೊತ್ತಾದರೆ ಏನು ಮಾಡ್ತೀರಿ? ಅದಕ್ಕೇ ಲ್ಯಾಬಿಗೆ ನಾನು ಅದನ್ನು ಒಪ್ಪುವುದಿಲ್ಲ.

ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬಳಸುವವರಿಗೆ ಕಿಕ್‌ಸ್ಟಾರ್ಟ್ ಬದಲು ಪ್ರಿಸೀಡ್ ಫೈಲ್. ಅಲ್ಲಿ ಟಾಸ್ಕ್‌ಸೆಲ್ ಸಾಲು ಗ್ರೂಪಿನ ಕೆಲಸ ಮಾಡುತ್ತದೆ, ಬಿಡಿ ಹೆಸರುಗಳಿಗೆ ಪಿಕೆಜಿಸೆಲ್/ಇನ್‌ಕ್ಲೂಡ್. ಕನ್ನಡ ಫಾಂಟಿಗೆ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಇವೆ.

ಖಾಲಿ ಫೈಲಿನಿಂದ ಶುರು ಮಾಡಬೇಡಿ. ಒಂದು ಕಂಪ್ಯೂಟರಿಗೆ ಕೈಯಾರೆ ಹಾಕಿ, ಆಮೇಲೆ ರೂಟ್ ಬಳಕೆದಾರನ ಹೋಮ್ ಫೋಲ್ಡರಿನಲ್ಲಿ (/root) ಅನಕಾಂಡಾ-ಕೆಎಸ್.ಸಿಎಫ್‌ಜಿ ಸಿಗುತ್ತದೆ, ಅದನ್ನೇ ತಿದ್ದಿ. ತಿದ್ದಿದ ಮೇಲೆ ಕೆಎಸ್‌ವ್ಯಾಲಿಡೇಟರ್ ಎಂಬ ತಪಾಸಣೆ ಕಮ್ಯಾಂಡ್ ಓಡಿಸಿ. ಅದು ಕಮ್ಯಾಂಡ್ ಸಾಲುಗಳ ಬರವಣಿಗೆಯ ತಪ್ಪು ಹಿಡಿಯುತ್ತದೆ, ಆದರೆ ಪ್ಯಾಕೇಜ್ ಪಟ್ಟಿಯನ್ನು ನೋಡುವುದಿಲ್ಲ. ಆ ಹೆಸರುಗಳನ್ನು ಅದೇ ಆವೃತ್ತಿಯ ಕಂಪ್ಯೂಟರಿನಲ್ಲಿ ಡಿಎನ್‌ಎಫ್ ಇನ್ಫೋ ಕೊಟ್ಟು ಒಂದೊಂದಾಗಿ ನೀವೇ ನೋಡಬೇಕು.